ಇಂದ್ರಲಾಲ್ ರಾಯ್ ಸಮಾಧಿ ನೋಡಬೇಕು. ಲಿಲ್ ಕಡೆಯಿಂದ ಹೇಗೆ ಹೋಗೋದು, ಅಲ್ಲಿ ಏನು ಮಾಡಬಹುದು?

ಸುಗ್ಗಿಮನೆ:

ಎಲ್ಲರಿಗೂ ನಮಸ್ಕಾರ. ಮಗಳು ಫ್ರಾನ್ಸಿನ ಲಿಲ್‌ನಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್ ಕೊನೆಯಲ್ಲಿ ಅವಳಿಗೆ ರಜೆ, ಆಗ ನಾವಿಬ್ಬರೂ ಹೋಗುತ್ತಿದ್ದೇವೆ. ಪ್ಯಾರಿಸ್ಸು, ಐಫೆಲ್ ಟವರು ಎಲ್ಲ ಹೇಗೂ ಆಗುತ್ತೆ. ಆದರೆ ನಮ್ಮ ಯಜಮಾನರಿಗೆ ಅಂಚೆಚೀಟಿ ಹುಚ್ಚು. ಅವರ ಆಲ್ಬಮ್ಮಿನಲ್ಲಿ 1998ರಲ್ಲಿ ಬಂದ ಇಂದ್ರಲಾಲ್ ರಾಯ್ ಅವರ ಚೀಟಿ ಇದೆ. ಮೊದಲ ಮಹಾಯುದ್ಧದಲ್ಲಿ ವಿಮಾನ ಓಡಿಸಿ, 19ನೇ ವಯಸ್ಸಿಗೇ ತೀರಿಕೊಂಡ ಬಂಗಾಳಿ ಹುಡುಗ. ಅವರ ಸಮಾಧಿ ಲಿಲ್‌ನಿಂದ ದೂರ ಇಲ್ಲ ಅಂತ ಗೊತ್ತಾದ ಮೇಲೆ ಇವರು ಅದೇ ಜಪ.

ನನ್ನ ಪ್ರಶ್ನೆಗಳು ಇಷ್ಟು. ಅದು ಮಿಲಿಟರಿ ಸ್ಮಶಾನವಾ, ಯಾರು ಬೇಕಾದರೂ ಒಳಗೆ ಹೋಗಬಹುದಾ, ಮೊದಲೇ ಅನುಮತಿ ಕೇಳಬೇಕಾ? ಕಾರಿಲ್ಲದೆ ಹೋಗೋಕಾಗುತ್ತಾ? ಹೂವು ಇಡಬಹುದಾ, ಊದುಬತ್ತಿ ಹಚ್ಚಿದರೆ ಯಾರಾದರೂ ಬೈತಾರಾ? ಆಮೇಲೆ ಬಂಗಾಳಿ ಹುಡುಗನನ್ನು ಸುಡದೆ ಹೂತಿದ್ದು ಯಾಕೆ ಅಂತ ನಮ್ಮ ಮಾವ ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ. ಅತ್ತೆಯಂತೂ ಪ್ರವಾಸಕ್ಕೆ ಹೋಗಿ ಸ್ಮಶಾನ ಯಾಕೆ ನೋಡಬೇಕು, ಹೋದರೆ ಬಂದ ತಕ್ಷಣ ತಲೆಗೆ ಸ್ನಾನ ಮಾಡಿ ಅಂತ ಈಗಲೇ ಹೇಳಿಯಾಗಿದೆ. ಅಲ್ಲಿನ ಚಳಿಗೆ ಅದು ಬೇರೆ!

ಗೊತ್ತಿದ್ದವರು ಹೇಳಿ.

---

ರೈಲುಬಂಡಿ:

ಮೇಡಂ, ಖಂಡಿತ ಹೋಗಿ. ಕಾರು ಬೇಕಿಲ್ಲ, ಸ್ವಲ್ಪ ನಡೆಯೋಕೆ ತಯಾರಿದ್ದರೆ ಸಾಕು.

ಊರಿನ ಹೆಸರು ಎಸ್ತೆವೆಲ್. ಪಾ-ದ-ಕಾಲೇ ಜಿಲ್ಲೆ, ಲಾನ್ಸ್ ಮತ್ತು ಕಾರ್ವಾಂ ಎಂಬ ಎರಡು ಊರುಗಳ ನಡುವೆ ಬರುತ್ತೆ. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳ ಸೀಮೆ. ಈಗಲೂ ಗಣಿಯ ಮಣ್ಣು ಸುರಿದ ಕಪ್ಪು ಗುಡ್ಡಗಳು ದೂರದಿಂದಲೇ ಕಾಣುತ್ತವೆ, ಕೆಜಿಎಫ್‌ನ ಸಯನೈಡ್ ದಿಬ್ಬಗಳನ್ನು ನೋಡಿದವರಿಗೆ ಥಟ್ಟನೆ ಅದೇ ನೆನಪಾಗುತ್ತೆ. ಲಿಲ್‌ನಿಂದ ಲಾನ್ಸ್ ಕಡೆ ಹೋಗುವ ಲೋಕಲ್ ರೈಲು ಹಿಡಿಯಿರಿ. ಹತ್ತಿರದ ನಿಲ್ದಾಣ ಪಕ್ಕದೂರು ಪೋಂ-ಆ-ವಾಂದಾಂ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ನೋಡಿಕೊಳ್ಳಿ. ಭಾನುವಾರ ಮಾತ್ರ ಹೋಗಬೇಡಿ. ರೈಲು, ಬಸ್ಸು ಎರಡೂ ತೀರಾ ಕಡಿಮೆ, ಊರಲ್ಲಿ ಒಂದು ಲೋಟ ಕಾಫಿ ಸಿಗುವುದೂ ಕಷ್ಟ.

ಅದು ಮಿಲಿಟರಿ ಸ್ಮಶಾನ ಅಲ್ಲ. ಊರಿನವರದ್ದೇ ಸ್ಮಶಾನ. ಫ್ರಾನ್ಸಿನ ಪ್ರತಿ ಹಳ್ಳಿಯಲ್ಲೂ ಅಂಥದ್ದೊಂದು ಇರುತ್ತೆ. ಆ ಊರಿನ ಅಜ್ಜ ಅಜ್ಜಿಯರ ಗೋರಿಗಳ ನಡುವೆ ಕೆಲವೇ ಕೆಲವು ಯುದ್ಧದ ಸಮಾಧಿಗಳಿವೆ. ಜಾಗ ಊರಿನದು, ಯುದ್ಧದ ಸಮಾಧಿಗಳ ಉಸ್ತುವಾರಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ್ದು. ಹಗಲು ಹೊತ್ತಿನಲ್ಲಿ ಯಾರು ಬೇಕಾದರೂ ಹೋಗಬಹುದು, ಅನುಮತಿ ಚೀಟಿ ಏನೂ ಬೇಡ. ಇಂಥ ಸ್ಮಶಾನಗಳ ಗೇಟಿನ ಹತ್ತಿರ ಹಸಿರು ಬಣ್ಣದ ಸಣ್ಣ ಫಲಕ ಹಾಕಿರುತ್ತಾರೆ, ಒಳಗೆ ಕಾಮನ್‌ವೆಲ್ತ್ ಸಮಾಧಿ ಇದೆ ಅಂತ ಫ್ರೆಂಚಿನಲ್ಲಿ ಬರೆದಿರುತ್ತೆ. ಹೊರಡುವ ಮುಂಚೆ ಆಯೋಗದ ವೆಬ್‌ಸೈಟಿನಲ್ಲಿ ರಾಯ್ ಹೆಸರು ಹಾಕಿ ಹುಡುಕಿ. ಸ್ಮಶಾನದ ನಕ್ಷೆ ಸಮೇತ ಸಿಗುತ್ತೆ, ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ.

ಹೂವಿನ ವಿಷಯಕ್ಕೆ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನವೆಂಬರ್ 1ಕ್ಕೆ ಫ್ರಾನ್ಸಿನಲ್ಲಿ ತೀರಿಕೊಂಡ ಹಿರಿಯರ ಗೋರಿಗೆ ಹೂವಿಡುವ ಪದ್ಧತಿ. ಅವರು ಇಡೋದು ಸೇವಂತಿಗೆ! ಅಕ್ಟೋಬರ್ ಕೊನೆ ವಾರ ಪ್ರತಿ ಅಂಗಡಿ ಮುಂದೆ ಸೇವಂತಿಗೆ ಕುಂಡಗಳ ರಾಶಿ, ನೋಡಿದರೆ ನಮ್ಮ ಆಯುಧಪೂಜೆಯ ಹಿಂದಿನ ದಿನದ ಮಾರ್ಕೆಟ್ಟೇ. ಒಂದು ಕುಂಡ ತಗೊಂಡು ಹೋಗಿ, ಅಲ್ಲಿನವರಿಗೂ ಸರಿ, ನಮಗೂ ಸರಿ. ಒಂದೇ ಎಚ್ಚರಿಕೆ, ಅದೇ ಹೂವನ್ನು ಮಗಳ ಫ್ರೆಂಚ್ ಸ್ನೇಹಿತರ ಮನೆಗೆ ಉಡುಗೊರೆ ಅಂತ ಒಯ್ಯಬೇಡಿ. ಅದು ಅವರಿಗೆ ಗೋರಿಯ ಹೂವು, ಮುಖ ಒಂಥರಾ ಮಾಡುತ್ತಾರೆ.

ಊದುಬತ್ತಿ ಒಂದೆರಡು ಹಚ್ಚಿದರೆ ಯಾರೂ ಏನೂ ಅನ್ನಲಿಕ್ಕಿಲ್ಲ. ಆದರೆ ಕಲ್ಲಿನ ಮೇಲಲ್ಲ, ಪಕ್ಕದ ಮಣ್ಣಿಗೆ ಚುಚ್ಚಿ, ಆರುವ ತನಕ ಅಲ್ಲೇ ಇರಿ. ಎಣ್ಣೆ ದೀಪ, ಕುಂಕುಮ ಬೇಡ. ಕಲ್ಲಿಗೆ ಕಲೆ ಹಿಡಿದರೆ ಹೋಗುವುದಿಲ್ಲ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ ಅಂತ ಚಾಕ್ ಪುಡಿ ಉಜ್ಜುವವರೂ ಇದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ನೋಡಿದರೆ ಅಕ್ಷರ ತಾನೇ ಎದ್ದು ಕಾಣುತ್ತೆ.

ಅತ್ತೆಯವರ ಸ್ನಾನದ ವಿಷಯಕ್ಕೆ ನಾನು ಬರೋದಿಲ್ಲ.

---

ಹಳೆಪುಟ:

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಹೋಗುವ ಮುಂಚೆ ಅವರ ಕತೆ ಸ್ವಲ್ಪ ಗೊತ್ತಿದ್ದರೆ ಚೆನ್ನ. ಇಲ್ಲದಿದ್ದರೆ ಅಲ್ಲಿ ಕಾಣೋದು ಒಂದು ಕಲ್ಲು, ಅಷ್ಟೇ.

ಹುಟ್ಟಿದ್ದು 1898ರ ಡಿಸೆಂಬರ್ 2ರಂದು, ಕೋಲ್ಕತ್ತದಲ್ಲಿ. ಬೆಳೆದಿದ್ದು ಲಂಡನ್ನಿನಲ್ಲಿ, ಓದಿದ್ದು ಅಲ್ಲಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಅಮ್ಮ ಲೋಲಿತಾ ರಾಯ್ ಹೆಂಗಸರಿಗೂ ಮತ ಹಾಕುವ ಹಕ್ಕು ಬೇಕು ಅಂತ 1911ರಲ್ಲಿ ಲಂಡನ್ನಿನಲ್ಲಿ ನಡೆದ ದೊಡ್ಡ ಮೆರವಣಿಗೆಗೆ ಭಾರತೀಯ ಹೆಂಗಸರನ್ನು ಕರೆದುಕೊಂಡು ಹೋದವರು. ಅಣ್ಣ ಪರೇಶ್ ಲಾಲ್ ರಾಯ್ ಆಮೇಲೆ ಭಾರತದಲ್ಲಿ ಬಾಕ್ಸಿಂಗ್ ಬೆಳೆಸಿದ ದೊಡ್ಡ ಹೆಸರು. ಸುಮ್ನೆ ಕೂರುವ ಮನೆತನ ಅಲ್ಲವೇ ಅಲ್ಲ.

ವಿಮಾನದಳಕ್ಕೆ ಅರ್ಜಿ ಹಾಕಿದಾಗ ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಹುಡುಗ ತನ್ನ ಮೋಟಾರ್ ಬೈಕು ಮಾರಿ, ಆ ದುಡ್ಡಿನಲ್ಲಿ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಮತ್ತೆ ತೋರಿಸಿಕೊಂಡು, ಅವರಿಂದ ಸರಿಯಿದೆ ಅಂತ ಬರೆಸಿಕೊಂಡು ಬಂದ. 1917ರ ಜುಲೈನಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅಧಿಕಾರಿಯಾಗಿ ಸೇರಿಕೊಂಡ. ಅಕ್ಟೋಬರ್ ಕೊನೆಗೆ 56ನೇ ಸ್ಕ್ವಾಡ್ರನ್, ಅಂದರೆ ವಿಮಾನಗಳ ಒಂದು ತುಕಡಿ. ಡಿಸೆಂಬರ್ 6ರಂದು ವಿಮಾನ ಕೆಳಗೆ ಬಿತ್ತು. ಸತ್ತೇ ಹೋಗಿದ್ದಾನೆ ಅಂತ ಶವಗಳ ಜೊತೆ ಮಲಗಿಸಿದ್ದರು, ಆಮೇಲೆ ಎಚ್ಚರವಾಯಿತು ಅಂತ ಕತೆ ಇದೆ. ಇದನ್ನು ಹೇಳುವವರೆಲ್ಲ ಸ್ವಲ್ಪ ಮಸಾಲೆ ಸೇರಿಸಿಯೇ ಹೇಳುತ್ತಾರೆ, ಆದರೆ ಜೋರು ಪೆಟ್ಟು ಬಿದ್ದದ್ದು, ತಿಂಗಳುಗಟ್ಟಲೆ ಹಾರಲು ಬಿಡದೇ ಇದ್ದದ್ದು ನಿಜ. ಆ ಬಿಡುವಿನಲ್ಲಿ ವಿಮಾನಗಳ ಚಿತ್ರ ಬಿಡಿಸುತ್ತಾ ಕೂತಿದ್ದ. ಅವುಗಳಲ್ಲಿ ಎಷ್ಟೋ ಈಗಲೂ ಉಳಿದಿವೆ, ಕೈ ತುಂಬಾ ಚೆನ್ನಾಗಿತ್ತು.

1918ರ ಜೂನ್‌ನಲ್ಲಿ ಮತ್ತೆ ಹಾರಲು ಬಿಟ್ಟರು. ಈ ಸಲ 40ನೇ ಸ್ಕ್ವಾಡ್ರನ್, ಬ್ರಿಯಾ ಎಂಬಲ್ಲಿದ್ದ ವಿಮಾನ ಮೈದಾನ, ಎಸ್‌ಇ5ಎ ಎಂಬ ಒಂದೇ ಸೀಟಿನ ವಿಮಾನ. ಜುಲೈ 6ರಿಂದ 19ರ ನಡುವೆ ಹತ್ತು ಶತ್ರು ವಿಮಾನಗಳು ಇವನ ಲೆಕ್ಕಕ್ಕೆ ಸೇರಿದವು. ಅದರಲ್ಲಿ ಮೂರು ಜುಲೈ 8ರ ಒಂದೇ ದಿನ. ಜುಲೈ 22ರಂದು ಕಾರ್ವಾಂ ಮೇಲೆ ಜರ್ಮನ್ ಫೋಕರ್ ವಿಮಾನಗಳ ಜೊತೆ ಕಾದಾಡುವಾಗ ಗುಂಡು ತಗುಲಿ, ವಿಮಾನ ಬೆಂಕಿ ಹತ್ತಿ ಬಿತ್ತು. ಸೆಪ್ಟೆಂಬರ್ 21ರಂದು ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಘೋಷಣೆಯಾಯಿತು. ಆ ಪದಕ ಪಡೆದ ಮೊದಲ ಭಾರತೀಯ, ಆದರೆ ಪಡೆಯೋಕೆ ಮನುಷ್ಯನೇ ಇರಲಿಲ್ಲ.

ಈಗ ನಿಮ್ಮ ಮಾವನವರ ಪ್ರಶ್ನೆ. ವಿಮಾನ ಬಿದ್ದ ಜಾಗ ಆಗ ಜರ್ಮನ್ನರ ಕೈಯಲ್ಲಿತ್ತು. ಆ ಸೀಮೆ ಬಿಡುಗಡೆ ಆಗಿದ್ದು ಅಕ್ಟೋಬರಿನಲ್ಲಿ. ಹಾಗಾಗಿ ಮಣ್ಣು ಮಾಡಿದ್ದು ಶತ್ರುಗಳು. ಬಿದ್ದ ಪೈಲಟ್ಟುಗಳನ್ನು ಎರಡೂ ಕಡೆಯವರು ಸಾಮಾನ್ಯವಾಗಿ ಮರ್ಯಾದೆಯಿಂದಲೇ ಹತ್ತಿರದ ಊರ ಸ್ಮಶಾನದಲ್ಲಿ ಹೂಳುತ್ತಿದ್ದರು. ಯಾವ ಧರ್ಮ, ಯಾವ ಪದ್ಧತಿ ಅಂತ ಕೇಳುವವರು ಅಲ್ಲಿ ಯಾರು? ಬ್ರಿಟಿಷರ ಕಡೆ ಸತ್ತಿದ್ದರೆ ಬೇರೆಯೇ ಆಗಬಹುದಿತ್ತು. ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರಲ್ಲಿ 53 ಜನರನ್ನು ಊರಾಚೆ ಗುಡ್ಡದ ಮೇಲೆ ಸುಟ್ಟು ಸಂಸ್ಕಾರ ಮಾಡಿದರು. ಆ ಜಾಗದಲ್ಲಿ 1921ರಿಂದ ಛತ್ರಿ ಎಂಬ ಬಿಳಿ ಅಮೃತಶಿಲೆಯ ಸ್ಮಾರಕ ಮಂಟಪ ನಿಂತಿದೆ.

ಯುದ್ಧ ಮುಗಿದ ಮೇಲಾದರೂ ಮನೆಗೆ ತರಬಹುದಿತ್ತಲ್ಲ ಅಂದರೆ, ಅದಕ್ಕೂ ಬಿಡಲಿಲ್ಲ. ಯಾರ ಶವವನ್ನೂ ಊರಿಗೆ ಒಯ್ಯುವಂತಿಲ್ಲ ಅಂತ ಯುದ್ಧದ ನಡುವೆಯೇ ನಿಷೇಧ ಹಾಕಿದ್ದರು, ಯುದ್ಧದ ನಂತರವೂ ಅದನ್ನೇ ಮುಂದುವರಿಸಿದರು. ದುಡ್ಡಿದ್ದವರ ಮಗ ಮನೆಗೆ ಬಂದು, ಬಡವರ ಮಗ ಅಲ್ಲೇ ಉಳಿಯೋದು ಬೇಡ ಅನ್ನೋದು ಅವರ ವಾದ. 1917ರಲ್ಲಿ ಶುರುವಾದ ಆಯೋಗ ಜನರಲ್‌ಗೂ ಜವಾನನಿಗೂ ಒಂದೇ ಅಳತೆಯ ಕಲ್ಲು ಇಟ್ಟಿತು. ಸುಮಾರು 81 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ದಳದ ಚಿಹ್ನೆ, ಹೆಸರು, ಸತ್ತ ದಿನ. ಕೆಳಗೆ ಮನೆಯವರು ಬೇಕಾದರೆ 66 ಅಕ್ಷರ ಮೀರದಂತೆ ಒಂದು ಸಾಲು ಬರೆಸಬಹುದಿತ್ತು, ಅಕ್ಷರಕ್ಕೆ ಮೂರೂವರೆ ಪೆನ್ನಿ. ಮಗನನ್ನು ಕಳೆದುಕೊಂಡವರ ಹತ್ತಿರ ಅಕ್ಷರ ಎಣಿಸಿ ಕಾಸು ಕೇಳಿದ್ದು ನನಗಂತೂ ಹಿಡಿಸಲ್ಲ. ಆಮೇಲೆ ಕೊಟ್ಟರೆ ಕೊಡಿ ಅಂತ ಬಿಟ್ಟರು.

ರಾಯ್ ಸಮಾಧಿಯ ಮೇಲೆ ಬಂಗಾಳಿ ಬರಹವೂ ಇದೆ, ನೋಡಲು ಮರೆಯಬೇಡಿ. ಫ್ರಾನ್ಸಿನ ಒಂದು ಗಣಿ ಹಳ್ಳಿಯಲ್ಲಿ ಬಂಗಾಳಿ ಅಕ್ಷರ!

---

ನೇರನುಡಿ:

ಬೇಜಾರಾಗಬೇಡಿ, ಒಂದು ಮಾತು ಕೇಳ್ತೀನಿ. ಈ ಹುಡುಗ ಹಾರಿದ್ದು ಯಾರಿಗಾಗಿ? ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಅವನು ಸತ್ತು ಒಂದು ವರ್ಷ ತುಂಬುವ ಮುಂಚೆ, 1919ರ ಏಪ್ರಿಲ್‌ನಲ್ಲಿ, ಅದೇ ಸಾಮ್ರಾಜ್ಯ ಜಲಿಯನ್‌ವಾಲಾ ಬಾಗ್‌ನಲ್ಲಿ ನಮ್ಮವರ ಮೇಲೆ ಗುಂಡು ಹಾರಿಸಿತು. ಹುಡುಗ ಧೈರ್ಯವಂತ, ಒಪ್ಪಿದೆ. ಆದರೆ ನಾವು ಭಾರತೀಯರು ಹೋಗಿ ಹೂವಿಡೋದು ಯಾವ ಲೆಕ್ಕ? ಆಯೋಗದವರು ಚೆನ್ನಾಗಿ ಹುಲ್ಲು ಕತ್ತರಿಸಿ ಇಟ್ಟಿದ್ದಾರೆ ಅಂದ ಮಾತ್ರಕ್ಕೆ ಎಲ್ಲ ಸರಿಹೋಯಿತಾ? ಎಲ್ಲರಿಗೂ ಒಂದೇ ಕಲ್ಲು ಅನ್ನೋದೂ ಪೂರ್ತಿ ನಿಜ ಅಲ್ಲ. 2021ರಲ್ಲಿ ಆಯೋಗದ್ದೇ ತನಿಖಾ ಸಮಿತಿ ಏನು ಹೇಳಿತು ಅಂತ ಓದಿ.

---

ಹಳೆಪುಟ:

ಬೇಜಾರೇನಿಲ್ಲ ಸರ್. 2021ರ ವರದಿಯ ವಿಷಯ ನೀವು ಎತ್ತಿದ್ದು ಒಳ್ಳೆಯದೇ ಆಯಿತು, ಅದು ಇಲ್ಲಿ ಬರಲೇಬೇಕಿತ್ತು.

ಆ ವರದಿ ಹೇಳೋದು ಇಷ್ಟು. ಮೊದಲ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಜನರನ್ನು, ಮುಖ್ಯವಾಗಿ ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯವರನ್ನು, ಬೇರೆಯವರಿಗೆ ಸಮನಾಗಿ ಸ್ಮರಿಸಲಿಲ್ಲ. ಇನ್ನೂ ಕನಿಷ್ಠ 1,16,000 ಜನರ ಹೆಸರು ಎಲ್ಲೂ ಇಲ್ಲ, ಆ ಸಂಖ್ಯೆ 3,50,000 ತನಕ ಹೋಗಬಹುದು. ಆಯೋಗ ಕ್ಷಮೆ ಕೇಳಿತು. ಯುರೋಪಿನಲ್ಲಿ ಬಿದ್ದವರಿಗೆ ಸಮಾನತೆ ಸಿಕ್ಕಿತು, ಪೂರ್ವ ಆಫ್ರಿಕಾದಲ್ಲೋ ಮೆಸಪೊಟೇಮಿಯಾದಲ್ಲೋ ಮೂಟೆ ಹೊತ್ತು ಸತ್ತವರಿಗೆ ಬರೀ ಸಂಖ್ಯೆ ಸಿಕ್ಕಿತು. ರಾಯ್ ಅಧಿಕಾರಿ, ಇಂಗ್ಲಿಷ್ ಓದಿದವ, ಸತ್ತಿದ್ದು ಫ್ರಾನ್ಸಿನಲ್ಲಿ. ಅದಕ್ಕೇ ಅವನಿಗೆ ಹೆಸರಿರುವ ಸಮಾಧಿ ಇದೆ. ಇದನ್ನು ತಿಳಿದುಕೊಂಡೇ ಅಲ್ಲಿ ಹೋಗಿ ನಿಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ.

ಆದರೆ ಯಾರಿಗಾಗಿ ಹಾರಿದ ಅನ್ನೋ ಪ್ರಶ್ನೆಯನ್ನು 19 ವರ್ಷದವನ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. 1918ರಲ್ಲಿ ಗಾಂಧೀಜಿಯೇ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಸೇರಿ ಅಂತ ಹಳ್ಳಿ ಹಳ್ಳಿ ತಿರುಗಿದ್ದರು, ಅಲ್ವಾ? ಆ ಕಾಲದ ಲೆಕ್ಕಾಚಾರವೇ ಬೇರೆ ಇತ್ತು. ಆಗ ಭಾರತೀಯ ಪೈಲಟ್ ಅನ್ನೋದೇ ಹೊಸ ಮಾತು. ಇಂದ್ರಲಾಲ್ ಜೊತೆಗೆ ಶ್ರೀಕೃಷ್ಣ ವೇಲಿಂಕರ್, ಹರ್ದಿತ್ ಸಿಂಗ್ ಮಲಿಕ್, ಎರಲ್ ಚಂದರ್ ಸೇನ್, ಹೀಗೆ ಬೆರಳೆಣಿಕೆಯ ಜನ. ವೇಲಿಂಕರ್ 1918ರ ಜೂನ್ 30ರಂದು ತೀರಿಕೊಂಡರು, ಸಮಾಧಿ ಅಮಿಯಾಂ ಹತ್ತಿರದ ಹಂಗಾರ್‌ನಲ್ಲಿದೆ. ಸೇನ್ ಜರ್ಮನ್ನರಿಗೆ ಸೆರೆ ಸಿಕ್ಕರು. ಮಲಿಕ್ ಬದುಕಿ ಬಂದರು, ಸ್ವಾತಂತ್ರ್ಯ ಬಂದ ಮೇಲೆ ಫ್ರಾನ್ಸಿಗೇ ನಮ್ಮ ರಾಯಭಾರಿಯಾಗಿ ಹೋದರು. ರಾಯ್ ಅವರ ಸೋದರಳಿಯ ಸುಬ್ರೋತೋ ಮುಖರ್ಜಿ 1932ರಲ್ಲಿ ಶುರುವಾದ ನಮ್ಮ ವಾಯುಪಡೆಯ ಮೊಟ್ಟಮೊದಲ ಪೈಲಟ್ಟುಗಳಲ್ಲಿ ಒಬ್ಬರು, 1954ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ನಮ್ಮ ವಾಯುಪಡೆಯ ಕತೆಯನ್ನು ಹಿಂದಕ್ಕೆ ಓದುತ್ತಾ ಹೋದರೆ ಎಸ್ತೆವೆಲ್ ಸ್ಮಶಾನ ಬಂದೇ ಬರುತ್ತೆ.

---

ನೇರನುಡಿ:

ಗಾಂಧೀಜಿ ವಿಷಯ ಸರಿ, ಒಪ್ಪಿದೆ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಹೆಸರಿಲ್ಲದವರಿಗೆ ಏನು ಮಾಡ್ತೀರಿ ಅನ್ನೋದೇ ನನ್ನ ಪ್ರಶ್ನೆ. ಹೋಗೋದೇ ಆದರೆ ನವ್ ಶಾಪೆಲ್‌ನಲ್ಲಿರುವ ಭಾರತೀಯ ಸೈನಿಕರ ಸ್ಮಾರಕಕ್ಕೂ ಹೋಗಿ ಬನ್ನಿ ಮೇಡಂ. ಬರೀ ಅಧಿಕಾರಿಯ ಸಮಾಧಿ ನೋಡಿ ವಾಪಸ್ ಬರಬೇಡಿ.

---

ರೈಲುಬಂಡಿ:

ನಾನೂ ಅದನ್ನೇ ಹೇಳೋಣ ಅಂತಿದ್ದೆ. ನವ್ ಶಾಪೆಲ್‌ನ ಭಾರತೀಯ ಸ್ಮಾರಕ ಅಲ್ಲಿಂದ ಜಾಸ್ತಿ ದೂರ ಇಲ್ಲ. ಆದರೆ ರೈಲು ಬಸ್ಸಲ್ಲಿ ಎರಡನ್ನೂ ಒಂದೇ ದಿನ ಮುಗಿಸೋದು ಕಷ್ಟ, ಬಾಡಿಗೆ ಕಾರು ಸಿಕ್ಕರೆ ಆರಾಮ. ಫ್ರಾನ್ಸ್, ಬೆಲ್ಜಿಯಂನಲ್ಲಿ ಸತ್ತು ಸಮಾಧಿಯೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರು ಮತ್ತು ಕೂಲಿಗಳ ಹೆಸರು ಅಲ್ಲಿನ ಗೋಡೆಯ ಮೇಲಿದೆ. 1927ರ ಅಕ್ಟೋಬರ್ 7ರಂದು ತೆರೆದದ್ದು. ದುಂಡಗಿನ ಆವರಣ, ನಡುವೆ ಅಶೋಕ ಸ್ತಂಭದ ಮಾದರಿಯ ಸುಮಾರು 15 ಮೀಟರ್ ಎತ್ತರದ ಕಂಬ, ಬುಡದಲ್ಲಿ ಎರಡು ಹುಲಿ. ಹೆಸರುಗಳನ್ನು ಓದುತ್ತಾ ಹೋದರೆ ಪಂಜಾಬು, ಗಢವಾಲು, ನೇಪಾಳದವೇ ಜಾಸ್ತಿ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಹೋಗಿದ್ದು ಫ್ರಾನ್ಸಿಗಲ್ಲ, ಈಜಿಪ್ಟ್, ಪ್ಯಾಲೆಸ್ತೀನ್ ಕಡೆಗೆ. ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಹೋರಾಡಿದ್ದು ಅವರೇ. ಹಾಗಾಗಿ ನಮ್ಮ ಕಡೆಯ ಹೆಸರು ಹುಡುಕುತ್ತಾ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ, ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕ ಇದೆ.

ಇನ್ನೊಂದು ದಿನ ಬಿಡುವಿದ್ದರೆ ಅರಾಸ್ ನೋಡಿ. ಅಲ್ಲಿ ಸಮಾಧಿಯೇ ಸಿಗದ ಸುಮಾರು ಸಾವಿರ ವಿಮಾನದಳದವರ ಹೆಸರಿರುವ ಸ್ಮಾರಕ ಇದೆ, ಮೇಲೆ ದೊಡ್ಡ ಕಲ್ಲಿನ ಗೋಳ. ಅದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, 40ನೇ ಸ್ಕ್ವಾಡ್ರನ್ನಿನಿಂದಲೇ ಹೆಸರಾದ ಮಿಕ್ ಮ್ಯಾನಕ್ ಎಂಬ ದೊಡ್ಡ ಪೈಲಟ್, ರಾಯ್ ಸತ್ತ ನಾಲ್ಕೇ ದಿನಕ್ಕೆ, ಜುಲೈ 26ರಂದು ತೀರಿಕೊಂಡ. ಅವನ ಸಮಾಧಿ ಯಾವುದು ಅಂತ ಇವತ್ತಿಗೂ ಖಚಿತವಾಗಿಲ್ಲ, ಹೆಸರು ಮಾತ್ರ ಅರಾಸ್ ಗೋಡೆಯ ಮೇಲಿದೆ. ರಾಯ್‌ಗೆ ಹೋರಾಟದ ಪಟ್ಟು ಕಲಿಸಿದ, ಅವನ ಫ್ಲೈಟಿನ (ಸ್ಕ್ವಾಡ್ರನ್ನಿನೊಳಗಿನ ಸಣ್ಣ ಗುಂಪಿನ) ನಾಯಕ ಜಾರ್ಜ್ ಮೆಕೆಲ್ರಾಯ್ ಜುಲೈ 31ಕ್ಕೆ ಸತ್ತ. ಅವನನ್ನೂ ಜರ್ಮನ್ನರೇ ಹೂತರು, ಈಗ ಲಾವಾಂತಿ ಮಿಲಿಟರಿ ಸ್ಮಶಾನದಲ್ಲಿದ್ದಾನೆ. ಲಾವಾಂತಿ ನವ್ ಶಾಪೆಲ್‌ಗೆ ತುಂಬಾ ಹತ್ತಿರ. ಹತ್ತು ದಿನದೊಳಗೆ ಮೂವರು ಹೋದರು. ಒಬ್ಬನಿಗೆ ಊರ ಸ್ಮಶಾನ, ಒಬ್ಬನಿಗೆ ಮಿಲಿಟರಿ ಸ್ಮಶಾನ, ಒಬ್ಬನಿಗೆ ಗೋಡೆಯ ಮೇಲೊಂದು ಸಾಲು.

---

ಕಾಫಿಹೂವು:

ನಾನು ಕೊಡಗಿನವಳು. ಇದನ್ನೆಲ್ಲ ಓದುತ್ತಾ ನನಗೆ ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರೇ ಕಣ್ಣ ಮುಂದೆ ಬಂದರು. ಇಲ್ಲಿ ಹೇಳದೆ ಇರೋಕಾಗಲಿಲ್ಲ.

1965ರ ಸೆಪ್ಟೆಂಬರ್ 7. ಆದಂಪುರದಿಂದ ಬೆಳಗಿನ ಜಾವದ ಕತ್ತಲಲ್ಲೇ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೀಸಲು ಪೈಲಟ್, ಯಾರದ್ದಾದರೂ ವಿಮಾನ ಕೈಕೊಟ್ಟರೆ ಅವರ ಜಾಗಕ್ಕೆ ಹೋಗಬೇಕಿದ್ದವರು. ಹೋದರು, ವಾಪಸ್ ಬರಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು, ಅಷ್ಟೇ. ಅವರು ತಮ್ಮ ಹಳೇ ಮಾದರಿಯ ವಿಮಾನದಲ್ಲಿ, ಆ ಕಾಲಕ್ಕೆ ಅತಿ ವೇಗದ್ದು ಅನ್ನಿಸಿಕೊಂಡಿದ್ದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಉರುಳಿಸಿದ್ದರು ಅನ್ನೋದು ಇಲ್ಲಿನವರಿಗೆ ಗೊತ್ತಾಗಿದ್ದು ವರ್ಷಗಳ ಮೇಲೆ, ಅದೂ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬಂದ ಒಂದು ಇಂಗ್ಲಿಷ್ ಪುಸ್ತಕದಿಂದ. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. 23 ವರ್ಷ ಆಗಿತ್ತು. ಪದಕ ತಗೊಂಡಿದ್ದು ಅವರ ಹೆಂಡತಿ.

ಅವರಿಗೆ ಸಮಾಧಿ ಕಲ್ಲಿಲ್ಲ. ಅಲ್ಲಿನ ಹಳ್ಳಿಯವರು ಶವ ನೋಡಿ, ಅಲ್ಲೇ ಹೊಲದಲ್ಲಿ ಹೂತರು ಅಂತ ಆಮೇಲೆ ತಿಳಿಯಿತು. ಕಾಮನ್‌ವೆಲ್ತ್ ಆಯೋಗ ನೋಡಿಕೊಳ್ಳೋದು ಎರಡು ಮಹಾಯುದ್ಧಗಳವರನ್ನು ಮಾತ್ರ, ಅವರ ಲೆಕ್ಕ 1947ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. 1965ರಲ್ಲಿ ಗಡಿಯಾಚೆ ಬಿದ್ದವರಿಗೆ ಅಂಥ ವ್ಯವಸ್ಥೆ ಇಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಬಂದ ಮೇಲೆ ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ ಸುಮಾರು 26 ಸಾವಿರ ಜನರ ಹೆಸರನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಮಡಿಕೇರಿಯಲ್ಲಿ ದೇವಯ್ಯ ವೃತ್ತ ಇದೆ. ನಮ್ಮ ಕೊಡವರಲ್ಲಿ ತೀರಿಕೊಂಡ ಹಿರಿಯರನ್ನು ಕಾರಣವ ಅಂತ ನೆನೆದು ಎಡೆ ಇಡೋ ಪದ್ಧತಿ ಉಂಟು, ಅದಕ್ಕೆ ಸಮಾಧಿ ಬೇಕೇಬೇಕು ಅಂತಿಲ್ಲ. ಆದರೂ ಮನೆಯವರಿಗೆ ಹೋಗಿ ಕೂರೋಕೆ ಒಂದು ಜಾಗ ಇದ್ದಿದ್ದರೆ ಅನ್ನಿಸದೆ ಇರುತ್ತಾ?

ನೇರನುಡಿ ಅವರಿಗೆ ಒಂದು ಮಾತು. ದೇವಯ್ಯ ಅವರನ್ನು ಮಣ್ಣು ಮಾಡಿದ ಆ ಹಳ್ಳಿಯವರು ಇವನು ಯಾರ ಪರ ಅಂತ ನೋಡಿದ್ದರೆ ಹಾಗೇ ಬಿಟ್ಟು ಹೋಗಬಹುದಿತ್ತು. ಬಿಡಲಿಲ್ಲ. ಎಸ್ತೆವೆಲ್‌ನಲ್ಲಿ ಜರ್ಮನ್ನರೂ ಬಿಡಲಿಲ್ಲ. ಶತ್ರುಗಳೇ ಇಷ್ಟು ಮಾಡಿರುವಾಗ ಸುಗ್ಗಿಮನೆ ಅಕ್ಕ ಒಂದು ಕುಂಡ ಸೇವಂತಿಗೆ ಇಟ್ಟು ಬಂದರೆ ಯಾವ ಸಾಮ್ರಾಜ್ಯಕ್ಕೂ ಜೈಕಾರ ಹಾಕಿದ ಹಾಗಾಗಲ್ಲ.

---

ಸುಗ್ಗಿಮನೆ:

ಎಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಯಜಮಾನರು ಎರಡೆರಡು ಸಲ ಓದಿದರು. ಮಾವನವರಿಗೂ ಓದಿ ಹೇಳಿದೆ. ಅವರು ಹಾಸನದ ಹಳ್ಳಿಯವರು, ಊರ ಹೊಲದಲ್ಲಿ ವೀರಗಲ್ಲು ನೋಡಿ ಬೆಳೆದವರು. ನಮ್ಮ ಕಲ್ಲಲ್ಲಿ ಕೆಳಗೆ ಕಾದಾಡೋದು, ನಡುವೆ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು ಎಲ್ಲ ಕೆತ್ತಿರ್ತಾರೆ, ಇವರು ಬರೀ ಹೆಸರು ಬರೆದು ಬಿಟ್ಟಿದ್ದಾರಲ್ಲ ಅಂದರು. ಕಾಫಿಹೂವು ಅವರು ಬರೆದ ದೇವಯ್ಯ ಅವರ ವಿಷಯ ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ.

ಒಂದು ಕಾರು ಬಾಡಿಗೆಗೆ ತಗೊಂಡು ಎಸ್ತೆವೆಲ್, ನವ್ ಶಾಪೆಲ್ ಒಂದೇ ದಿನ, ಅರಾಸ್ ಇನ್ನೊಂದು ದಿನ ಅಂತ ಮಗಳು ಆಗಲೇ ನಕ್ಷೆ ಹಾಕಿದ್ದಾಳೆ. ಇನ್ನೆರಡು ಸಣ್ಣ ಪ್ರಶ್ನೆ. ಅಲ್ಲಿ ಸಂದರ್ಶಕರ ಪುಸ್ತಕ ಇರುತ್ತಾ, ಕನ್ನಡದಲ್ಲಿ ಬರೆದರೆ ನಡೆಯುತ್ತಾ? ಮತ್ತೆ ಯಜಮಾನರಿಗೆ ರಾಯ್ ಅವರ ಸೇವಾ ದಾಖಲೆಯ ಪ್ರತಿ ಬೇಕಂತೆ, ಅದು ಎಲ್ಲಿ ಸಿಗುತ್ತೆ?

---

ಹಳೆಪುಟ:

ದೊಡ್ಡ ಸ್ಮಶಾನಗಳಲ್ಲಿ ಪ್ರವೇಶದ ಹತ್ತಿರ ಗೋಡೆಯಲ್ಲಿ ಸಣ್ಣ ಲೋಹದ ಬಾಗಿಲಿನ ಗೂಡು ಇರುತ್ತೆ. ಹೆಸರುಗಳ ಪಟ್ಟಿ, ಸಂದರ್ಶಕರ ಪುಸ್ತಕ ಎರಡೂ ಅದರೊಳಗೆ. ಎಸ್ತೆವೆಲ್‌ನಂಥ ಸಣ್ಣ ಊರ ಸ್ಮಶಾನದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ನವ್ ಶಾಪೆಲ್‌ನಲ್ಲಿ ಬರೆಯಿರಿ, ಧಾರಾಳವಾಗಿ ಕನ್ನಡದಲ್ಲೇ. ಕೆಳಗೆ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಹಾಕಿದರೆ ಎಲ್ಲಿಂದ ಬಂದವರು ಅಂತ ಅವರಿಗೂ ತಿಳಿಯುತ್ತೆ.

ದಾಖಲೆಗೆ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್. ರಾಯಲ್ ಏರ್‌ಫೋರ್ಸ್ ಅಧಿಕಾರಿಗಳ ಸೇವಾ ದಾಖಲೆಗಳು ಏರ್ 76 ಎಂಬ ಸರಣಿಯಲ್ಲಿವೆ. ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತೆ, ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಹೆಸರಿನ ಕಾಗುಣಿತ ಆ ಕಾಲದ ಗುಮಾಸ್ತರು ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ, ಇಂದ್ರ ಅಂತ ಸಿಗದಿದ್ದರೆ ಇಂದರ್ ಅಂತಲೂ ಹಾಕಿ ನೋಡಿ.

ಫ್ರಾನ್ಸಿಗೆಲ್ಲ ಹೋಗಲಾಗದೆ ಇದನ್ನು ಓದುತ್ತಿರುವವರಿಗೆ ಇನ್ನೊಂದು ವಿಷಯ. ಚೆನ್ನೈನ ನಂದಂಬಾಕ್ಕಂನಲ್ಲಿ ಮದ್ರಾಸ್ ಯುದ್ಧ ಸ್ಮಶಾನ ಇದೆ. ಎರಡನೇ ಮಹಾಯುದ್ಧದ 850ಕ್ಕೂ ಹೆಚ್ಚು ಸಮಾಧಿಗಳು, ವಾಯುಪಡೆಯವರೂ ಅದರಲ್ಲಿದ್ದಾರೆ. ದಕ್ಷಿಣ ಮತ್ತು ಪೂರ್ವ ಭಾರತದ ಎಷ್ಟೋ ಹಳೇ ಸ್ಮಶಾನಗಳಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಅಲ್ಲಿಂದೆಲ್ಲ ಒಟ್ಟುಗೂಡಿಸಿ ತಂದದ್ದು. ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದರೆ ಸಂಜೆಗೆ ವಾಪಸ್ ಹೊರಡಬಹುದು.

---

ರೈಲುಬಂಡಿ:

ಬಾಡಿಗೆ ಕಾರಿಗೆ ಒಂದು ಮಾತು ಮೇಡಂ. ನಿಮ್ಮ ಯಜಮಾನರು ಓಡಿಸೋದಾದರೆ ಇಲ್ಲಿಂದಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಲಿ, ಆರ್‌ಟಿಒದಲ್ಲಿ ಸಿಗುತ್ತೆ. ನವೆಂಬರ್ 1 ಅಲ್ಲಿ ಸರ್ಕಾರಿ ರಜೆ. ಕಾರಿನ ಅಂಗಡಿ ಮುಚ್ಚಿರುತ್ತೆ, ಹಿಂದಿನ ದಿನವೇ ತಗೊಂಡುಬಿಡಿ. ಸೇವಂತಿಗೆಯೂ ಅಷ್ಟೇ, ಕೊನೆ ದಿನಕ್ಕೆ ಬಿಟ್ಟರೆ ಬರೀ ಬಾಡಿದ್ದು ಉಳಿದಿರುತ್ತೆ.